ತಗಡಿನ ಮಾಡಿಗೆ ನಿಯಮವಿಲ್ಲ

ಫಜರ್ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉಮ್ಮರಬ್ಬ ಒಂದು ಮನೆಯ ಮೆಟ್ಟಿಲಲ್ಲಿ ನಿಂತು "ಯಾ ಸಾತಿರ್" ಎಂದು ಎರಡು ಸಲ ಕೂಗುತ್ತಾರೆ. ಹೆಂಗಸರು ಒಳಗೆ ಸರಿಯಲಿ ಎಂದು ಹೊರಗಿನ ಗಂಡಸು ಇಲ್ಲಿ ಹೀಗೆ ಕೂಗಿಯೇ ಹತ್ತಬೇಕು. ತಾರಸಿಯಲ್ಲಿ ಚಪ್ಪಲಿ ಬಿಟ್ಟು ಮೊದಲು ಬರಿಗಾಲಿಡುತ್ತಾರೆ, ಆಮೇಲೆ ಮಾಪಕ. ಸೂರ್ಯ ಮುಳುಗಿ ಹತ್ತು ತಾಸಾದರೂ ಸಿಮೆಂಟು ಮೂವತ್ತೆಂಟು ಡಿಗ್ರಿ.

"ನನಗೆ ಕಾಲು ಸಾಕು. ಮಾಪಕ ಆಫೀಸಿನವರಿಗೆ," ಎನ್ನುತ್ತಾರೆ.

ಅರಬ್ ಮರುಭೂಮಿಯ ಹಫ್ರ್ ಅಲ್ ಬಾತಿನ್‌ನಿಂದ ಒಂದು ಗಂಟೆ ದಾರಿಯ ಈ ಸಣ್ಣ ಊರಿನಲ್ಲಿ ಕಟ್ಟಡದ ನಿಯಮಗಳನ್ನು ತಿದ್ದಿ ಬರೆಯುತ್ತಿದ್ದಾರೆ. ಇನ್ನು ಕಟ್ಟುವ ಪ್ರತಿ ಮನೆಯ ತಾರಸಿಗೂ ಬಿಸಿ ತಡೆಯುವ ಪದರ ಬೇಕು, ಸೋಲಾರ್ ಫಲಕಕ್ಕೆ ಜಾಗ ಬಿಡಬೇಕು. ಅದಕ್ಕೆ ಅಂಕಿ ಒದಗಿಸುವ ಖಾಸಗಿ ಕಚೇರಿಯ ಅಳತೆಗಾರ, ಉಪ್ಪಿನಂಗಡಿಯ ಈ ಉಮ್ಮರಬ್ಬ. ವಯಸ್ಸು ಐವತ್ತೆಂಟು. ಬೇಸಿಗೆಯ ಮೂರು ತಿಂಗಳು ದಿನಕ್ಕೆ ಆರು ತಾರಸಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಮತ್ತೊಮ್ಮೆ. ಮೂರು ವರ್ಷದಲ್ಲಿ ಸಾವಿರ ದಾಟಿದೆ. ಮೊಣಕಾಲು ಸವೆದಿದೆ.

ಅವರು ಮಲಗುವುದು ತಗಡಿನ ಶೆಡ್ಡಿನಲ್ಲಿ, ಹದಿನಾಲ್ಕು ಜನರ ಜೊತೆ. ಹೆಚ್ಚಿನವರು ರಾತ್ರಿ ಪಾಳಿಯವರು, ಹಗಲು ನಿದ್ದೆ ಮಾಡಬೇಕು. ಮಧ್ಯಾಹ್ನದ ಉರಿಗೆ ಎಸಿ ತಾನೇ ನಿಂತುಬಿಡುತ್ತದೆ, ಒಳಗೆ ನಲವತ್ತಾರು. ಕಳೆದ ಆಗಸ್ಟಿನಲ್ಲಿ ಹಾಗೆ ಮಲಗಿದ ಭಟ್ಕಳದ ಸುಫ್ಯಾನ್ ಸಂಜೆಯ ಅಸರ್ ನಮಾಜಿಗೆ ಏಳಲಿಲ್ಲ, ಮತ್ತೆಂದೂ ಏಳಲಿಲ್ಲ. ಆದರೆ ಕಾಗದದಲ್ಲಿ ಶೆಡ್ಡು 'ತಾತ್ಕಾಲಿಕ', ಹೊಸ ನಿಯಮ ಅದಕ್ಕಿಲ್ಲ. ಉಮ್ಮರಬ್ಬ ಅದರಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ.

ಜನ ಮಲಗುವ ಶೆಡ್ಡಿಗೂ ಪದರ ಕಡ್ಡಾಯ ಎಂಬ ಒಂದೇ ಒಂದು ಸಾಲು ಸೇರಿಸಲು ಅವರು ಕಚೇರಿಯನ್ನು ಒಪ್ಪಿಸಿದರು. ನಿಯಮ ತಿದ್ದುವ ಸಮಿತಿಯವರು ಕಣ್ಣಾರೆ ನೋಡಿ ತೀರ್ಮಾನಿಸುತ್ತೇವೆ ಎಂದರು. ಅವರು ಬರುವ ಹಿಂದಿನ ದಿನ ಉಮ್ಮರಬ್ಬ ಕೋಣೆಯವರಿಗೆ ವಿಷಯ ತಿಳಿಸಿ, ಮರುದಿನ ತಮ್ಮ ತಾರಸಿಗಳ ಕೆಲಸಕ್ಕೆ ಹೋದರು. ದೊಡ್ಡವರು ಮನೆಗೆ ಬರುತ್ತಾರಲ್ಲ! ಕೋಣೆಯವರು ಎರಡು ದಿನದ ಟ್ಯಾಂಕರ್ ನೀರನ್ನೆಲ್ಲ ತಗಡಿಗೆ ಹೊಯ್ದರು, ಒದ್ದೆ ಕಂಬಳಿ ಹಾಸಿದರು. ಸಮಿತಿಯ ಮಾಪಕ ಮೂವತ್ತೊಂದು ತೋರಿಸಿತು. ಬಂದವರು ಕಾವಾ ಕುಡಿದು ಹೊಗಳಿ ಹೋದರು. ಉಮ್ಮರಬ್ಬರ ಅಂಕಿ ಸುಳ್ಳೆಂದಾಯಿತು, ಸಾಲು ಅಳಿಯಿತು. ಆಮೇಲೆ ನೀರಿನ ಕಥೆ ಹೇಳಿದರೆ ಯಾರೂ ನಂಬಲಿಲ್ಲ.

"ಅತಿಥಿಗಳನ್ನು ಉರಿಯಲ್ಲಿ ಕೂರಿಸುವುದಾ ಕಾಕ? ದೊಡ್ಡವರು ಬರ್ತಾರೆ ಅಂತ ನೀವೇ ಹೇಳಿದ್ದಲ್ವಾ," ಎಂದು ಅದೇ ಕೋಣೆಯ, ಬೇಕರಿ ಕೆಲಸದ ಕಾಸಿಂ ಈಗಲೂ ಕೇಳುತ್ತಾನೆ.

"ಸುಫ್ಯಾನಿಗೆ ಒಂದು ಚೆಂಬು ಹೊಯ್ಯಲಿಲ್ಲ ಮಾರಾಯ. ಅವರಿಗೆ ಟ್ಯಾಂಕರೇ ಹೊಯ್ದಿರಿ."

ಕಾಸಿಂ ಮುಖ ತಿರುಗಿಸುತ್ತಾನೆ. ಉಮ್ಮರಬ್ಬ ಅವನ ಕಡೆಗೆ ಚಹಾದ ಲೋಟ ಸರಿಸುತ್ತಾರೆ.

ನಿಯಮ ಅಚ್ಚಿಗೆ ಹೋಗಿದೆ, ಮತ್ತೆ ತಿದ್ದುವುದು ಐದು ವರ್ಷದ ನಂತರ. ಉಮ್ಮರಬ್ಬರ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಬರುವ ರಮಝಾನಿಗೆ ಮುಗಿಯುತ್ತದೆ, ಅದಕ್ಕೆ ಜಾಮೀನು ನಿಂತ ಕಫೀಲ್ ಮುಂದುವರಿಸುವುದಿಲ್ಲ ಎಂದಿದ್ದಾನೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಮಾಪಕ ಒರೆಸಿ ಚೀಲಕ್ಕೆ ಹಾಕುತ್ತಾರೆ.

"ಐದು ವರ್ಷ ಕಳೆದು ಇನ್ನೊಬ್ಬ ಅಳೆಯಲಿಕ್ಕೆ ಬರ್ತಾನಲ್ಲ, ಅವ ಹೇಳದೆ ಬರಲಿ. ಹೇಳಿದರೆ ಇವರು ಮತ್ತೆ ನೀರು ಹೊಯ್ತಾರೆ."