ಎರಡು ಬಣ್ಣದ ಕಲ್ಲು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಚಹಾ ಕುಡಿದು ಸುಮ್ಮನಾಗಿದ್ದೇನೆ. ಮೊನ್ನೆ ಪಕ್ಕದ ಹೊಲದಲ್ಲಿ ಬಾವಿ ತೋಡುವಾಗ ಒಡೆದ ಕಲ್ಲಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇನ್ನು ಮುಂದೂಡುವಂತಿಲ್ಲ.

ಮೆಟ್ರಿಕ್ ಮುಗಿಸಿದ ಹೊಸತರಲ್ಲಿ ನಾನು ಭೂವಿಜ್ಞಾನಿಗಳ ತಂಡಕ್ಕೆ ಕಲ್ಲು ಹೊರುತ್ತಿದ್ದೆ. ಇಂಡಿ, ಸಿಂದಗಿ ಕಡೆ ಎಲ್ಲಿ ಅಗೆದರೂ ಕರಿಕಲ್ಲೇ. ಅಲ್ಲಿನ ನನ್ನ ಬೀಗರಿಗೆ ಕಲ್ಲಿನ ಬಣ್ಣಗಳ ಗಮ್ಮತ್ತು ತಿಳಿಯದು. ನಮ್ಮ ಮುದ್ದೇಬಿಹಾಳದ ಕಡೆ ಬೂದು ಕಲ್ಲುಂಟು, ಗುಲಾಬಿ ಕಲ್ಲುಂಟು. ಭೂಮಿಯ ಒಳಗೇ ಕರಗಿ, ಹಳೆಯ ಬಂಡೆಯ ಬಿರುಕಿಗೆ ನುಗ್ಗಿ, ಅಲ್ಲೇ ಆರಿದ ಕಲ್ಲಿಗೆ ವಿಜ್ಞಾನಿಗಳು ಅದು ಸ್ಪಷ್ಟವಾಗಿ ಕಾಣುವ ಊರಿನ ಹೆಸರಿಡುತ್ತಾರೆ. ಆಗ ಬೂದು, ಗುಲಾಬಿ ಎರಡಕ್ಕೂ ಒಂದೇ ಹೆಸರಿತ್ತು. ತಂಡದ ಕಿರಿಯ ವಿಜ್ಞಾನಿ, ನಾವು ಬಾಯಾರು ಎನ್ನುತ್ತಿದ್ದ ಹೆಣ್ಣುಮಗಳು, ಮಾತ್ರ ಒಪ್ಪಲಿಲ್ಲ.

"ನೋಡೋ, ಬೂದು ಹಳೇದು. ಗುಲಾಬಿ ಅದನ್ನ ಸೀಳಿಕೊಂಡು ಬಂದೈತಿ, ಮನಿಗೆ ಹೊಸಾ ಅಳಿಯ ಬಂದಂಗ. ಇದಕ್ಕ ಬ್ಯಾರೆ ಹೆಸರು ಬೇಕು" ಎಂದು ಎರಡೂ ಕೂಡಿದ್ದ ಒಂದು ಕಲ್ಲನ್ನು ನನ್ನ ಚೀಲಕ್ಕೆ ಹಾಕಿದರು.

ನಾನೋ ಜಾಣ. ದಾರಿಯಲ್ಲಿ ಕೂತು ನೋಡಿದರೆ ಕಲಬೆರಕೆ ಕಲ್ಲು. ಜೋಳ ಹಸನು ಮಾಡುವ ಮನೆಯಲ್ಲಿ ಬೆಳೆದವನು ಸುಮ್ಮನಿರುವುದು ಹೇಗೆ, ನೀವೇ ಹೇಳಿ. ಸುತ್ತಿಗೆಯಿಂದ ಬೂದು ಭಾಗವನ್ನು ತಟ್ಟಿ ತೆಗೆದು, ಗುಲಾಬಿಯನ್ನಷ್ಟೇ ಒರೆಸಿ ಚೀಲಕ್ಕಿಟ್ಟೆ. ಹೊರೆಯೂ ಹಗುರಾಯಿತು; ಅದನ್ನೂ ಮುಚ್ಚಿಡುವುದಿಲ್ಲ.

ಸಂಜೆ ಹಿರಿಯ ಸಾಹೇಬರು ಕಲ್ಲನ್ನು ತಿರುವಿ ನೋಡಿದರು. "ಎರಡು ಎಲ್ಲದಾವ್ರಿ ಬಾಯಾರ? ಬಿಸಲಿಗೆ ಕಣ್ಣು ಮಂಜಾಗಿದ್ದುವೇನು?"

ಎಲ್ಲರೂ ನಕ್ಕರು. ಬಾಯಾರು ನನ್ನತ್ತ ನೋಡಿದರು. ನಾನು ಚಹಾದ ಕೆಟ್ಲಿಯತ್ತ ನೋಡಿದೆ. ಕೆಲಸ ಹೋದೀತೆಂಬ ಹೆದರಿಕೆ. ಮರುದಿನ ಕ್ಯಾಂಪು ಬಸವನಬಾಗೇವಾಡಿಗೆ ಎದ್ದಿತು. ಅವರ ಮಾತು ವರದಿ ಸೇರಲಿಲ್ಲ.

ಮೊನ್ನೆ ಆ ಬಾವಿ ನೋಡಲು ಹೊಸ ತಂಡ ಬಂದಿತ್ತು. ಬೂದು ಗೋಡೆಯಲ್ಲಿ ಗುಲಾಬಿ ಪಟ್ಟಿ, ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ.

"ಅಜ್ಜಾ, ಇದು ಬ್ಯಾರೆನ ಶಿಲೆ. ಹಳೇ ಹೆಸರು ತಗದು, ನಕಾಶಿಯೊಳಗ ನಿಮ್ಮೂರ ಹೆಸರು ಹಾಕ್ತೇವಿ" ಎಂದ ಒಬ್ಬ ತರುಣ ಅಧಿಕಾರಿ.

ನಾನು ನಗುತ್ತ ಬಾವಿಯ ದಂಡೆಯ ಮೇಲೆ ಕುಕ್ಕರಿಸಿದೆ. ಬಾಯಾರ ಮಾತೇ ನಿಜವಾಗಿತ್ತು; ಇಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ. "ಭಾಳ ತಡಾ ಮಾಡೀರಿ ಸಾಹೇಬ್ರ. ಇದನ್ನ ಒಬ್ರು ಆಗಲೇ ಹೇಳಿದ್ರು. ಅವರ ಸಾಕ್ಷಿ ಒಡದಾಂವ ನಾನ" ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ತರುಣ ನಗಲಿಲ್ಲ. ಟಿಪ್ಪಣಿ ಪುಸ್ತಕ ತೆರೆದು, "ಮೊದಲ ಕಂಡವರು ಅಂತ ವರದಿಯಾಗ ಬರೀತೇನಿ. ಅವರ ಹೆಸರು ಹೇಳ್ರಿ" ಎಂದ.

ಬಾಯಾರ ಎದುರು ಒಮ್ಮೆಯೂ ತಪ್ಪಾಯಿತು ಎನ್ನದವನು ನಾನು. ಎದ್ದು ನಿಂತು, ತರುಣನ ಪೆನ್ನಿಗೆ ಸಿಗುವಷ್ಟು ನಿಧಾನವಾಗಿ ಹೇಳಿದೆ: ಸುಮಿತ್ರಾಬಾಯಿ ಅಗರಖೇಡ.