ಓ ಕೊಡುವ ಹೊತ್ತು

ಶಿರಸಿಯ ಕೋರ್ಟಿನ ವರಾಂಡದಲ್ಲಿ ನಿಂತು ಶಂಭುಲಿಂಗ ಹೆಸರು ಕೂಗಿದನೆಂದರೆ, ಆಚೆ ರಸ್ತೆಯ ಚಹದಂಗಡಿಯಲ್ಲಿ ಬನ್ನು ಅದ್ದುತ್ತ ಕೂತವನು ಕೂಡ ತನ್ನನ್ನೇ ಕರೆದರೇನೋ ಎಂದು ಅರ್ಧ ಎದ್ದು ನಿಲ್ಲುತ್ತಾನೆ. ಅಂಥ ಗಂಟಲು. ಜವಾನನಾಗಿ, ಆ ಕಡೆಯ ಮಾತಿನಲ್ಲಿ ಪಟ್ಟೇವಾಲನಾಗಿ, ಕೆಲಸಕ್ಕೆ ಸೇರಿದಾಗ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಅದೇ ಮೀಸೆ ಬೆಳ್ಳಗಾಗಿ ನಿವೃತ್ತಿಯ ಮಾತು ನಡೆದಿದೆ. ನಡುವಿನ ಆಯುಷ್ಯವೆಲ್ಲ ಹೋದದ್ದು ಹೆಚ್ಚಾಗಿ ಒಂದೇ ಕೆಲಸಕ್ಕೆ. ಒಬ್ಬರ ಹೆಸರನ್ನು ಮೂರು ಸಲ ಕೂಗುವುದು, ಆಮೇಲೆ ಕಿವಿಗೊಟ್ಟು ನಿಲ್ಲುವುದು. ಮೂರನೆಯ ಕೂಗಿಗೂ ಯಾರೂ ಬಾರದಿದ್ದರೆ ಒಳಗೆ ಹೋಗಿ ‘ಇಲ್ಲ ಸಾಹೇಬ್ರೆ’ ಎನ್ನುವುದು.

ಕೂಗುವುದಕ್ಕಿಂತ ಕೇಳುವುದೇ ಅವನಿಗೆ ಇಷ್ಟದ ಕೆಲಸವಾಗಿತ್ತು. ಕರೆದರೆ ಒಬ್ಬೊಬ್ಬರದು ಒಂದೊಂದು ಬಗೆಯ ಉತ್ತರ. ಹುಲಗೋಳದ ಕಡೆಯ ರೈತರು ಗದ್ದೆಯ ಆಚೆ ಬದುವಿನಲ್ಲಿ ನಿಂತವರ ಹಾಗೆ ‘ಓ’ ಎಂದು ಎಳೆಯುತ್ತಾರೆ. ಕೊಂಕಣಿ ಮಂದಿ ‘ವ್ಹಯ್’ ಎನ್ನುತ್ತಾರೆ. ಉರ್ದು ಮಾತಿನವರು ‘ಜೀ’ ಎಂದು ಟೋಪಿ ಸರಿಮಾಡಿಕೊಳ್ಳುತ್ತಾರೆ. ಕಾಲೇಜು ಕಲಿತ ಹುಡುಗರಿಗೆ ಕೋರ್ಟಿಗೂ ಶಾಲೆಗೂ ವ್ಯತ್ಯಾಸ ತಿಳಿಯದು, ‘ಯೆಸ್ ಸರ್’ ಎಂದು ಕೈ ಎತ್ತುತ್ತಾರೆ. ವಕೀಲರು ಮಾತ್ರ ಕರೆದಾಗ ಇರುವುದಿಲ್ಲ, ಕರೆಯದಿದ್ದಾಗ ಬಾಗಿಲಲ್ಲೇ ಇರುತ್ತಾರೆ. ಈ ಬೇಸರವನ್ನು ಶಂಭುಲಿಂಗ ಯಾರ ಮುಂದೂ ಬಾಯಿಬಿಟ್ಟು ಹೇಳಿದವನಲ್ಲ.

ಕೋರ್ಟಿನ ಕಂಪೌಂಡಿನ ಹೊರಗೆ ಮೇಜು ಹಾಕಿಕೊಂಡು ಬಾಂಡ್ ಬರೆದುಕೊಡುವ ಮನೋಹರನಿಗೆ ಪದಗಳ ಹುಚ್ಚು. ಸಿದ್ದಾಪುರದ ಕಡೆಯವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ನಿಘಂಟು ತೆರೆದು ಕೂರುತ್ತಾನೆ. ಒಂದು ಮಧ್ಯಾಹ್ನ ಅವನಿಗೆ ‘ಓ’ ಸಿಕ್ಕಿತ್ತು. ಕನ್ನಡದಲ್ಲಿ ಓಗೊಡು ಎನ್ನುತ್ತೇವಲ್ಲ, ಅದು ಓ ಕೊಡು. ಮರಾಠಿಯವರೂ ‘ಓ ದೇಣೆ’ ಅಂತಲೇ ಅನ್ನುತ್ತಾರೆ, ಅಲ್ಲಿಯೂ ಅದು ಕೊಡುವ ವಸ್ತುವೇ, ಯಾರು ಯಾರಿಂದ ಕಲಿತರೋ ಗೊತ್ತಿಲ್ಲ ಎಂದ. ಓಂ ಕೂಡ ಬಹಳ ಹಿಂದೆ ‘ಹೌದು, ಆಗಲಿ’ ಎಂದು ಒಪ್ಪುವ ಮಾತಾಗಿತ್ತಂತೆ. ಫ್ರೆಂಚರ ಹಳೆಯ ಮಾತಿನಲ್ಲಿಯೂ ಓ ಎಂದರೆ ಹೌದು. ಇಂಗ್ಲಿಷಿನವರದು ಮಾತ್ರ ಉತ್ತರವಲ್ಲ, ಉದ್ಗಾರ. ಯಾರೂ ಕರೆಯದೆಯೂ ಅವರು ಓ ಅಂದುಕೊಳ್ಳುತ್ತಾರೆ. ಐರ್ಲೆಂಡಿನಲ್ಲಂತೂ ಹೆಸರಿನ ಮುಂದೆ ಓ ಬಂದರೆ ಇಂಥವರ ವಂಶದ ಕುಡಿ ಎಂದರ್ಥ.

ಇಷ್ಟು ಹೇಳಿದ ಮನೋಹರ ಎದುರಿಗೆ ಕೂತಿದ್ದ ಶಂಭುಲಿಂಗನ ಮುಖ ನೋಡಿದ. ಮೊಬೈಲು ಅಂಗಿಯ ಜೇಬಿಗೆ ಹಾಕಿ, ಚಹ ಕುಡಿಯುವ ಬಾ ಶಂಭಣ್ಣ ಎಂದ. ಶಂಭುಲಿಂಗನ ವಂಶಕ್ಕೆ ಇದ್ದದ್ದು ಒಂದೇ ಕುಡಿ. ಅದು ಹೋಗಿ ಎರಡು ವರ್ಷವಾಗಿತ್ತು.

ಮಗಳು ಶಿವರಂಜನಿ. ಚಿಕ್ಕಂದಿನಿಂದ ದಮ್ಮಿನ ತೊಂದರೆ ಇತ್ತಾದರೂ ಗುಳಿಗೆ, ಬಾಯಿಗೆ ಹಿಡಿದು ಎಳೆಯುವ ಪಂಪು ಎಂದು ಸಂಭಾಳಿಸಿಕೊಂಡು ಚಟುವಟಿಕೆಯಿಂದಲೇ ಇದ್ದಳು. ಶಿರಸಿಯಲ್ಲಿ ಹೊಲಿಗೆ ಕ್ಲಾಸು ಮುಗಿಸಿ, ಅಲ್ಲೇ ಒಂದು ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಇವರ ಮನೆ ಬನವಾಸಿ ರಸ್ತೆಯ ಹಳ್ಳಿಯಲ್ಲಿ. ಅಪ್ಪ ಕೋರ್ಟು ಮುಗಿದ ಕೂಡಲೇ ಬರುತ್ತಿದ್ದ. ಮಗಳು ಅಂಗಡಿ ಮುಚ್ಚಿ ಸಂಜೆಯ ಕಡೆಯ ಬಸ್ಸಿಗೆ ಬರುತ್ತಿದ್ದಳು. ಅಷ್ಟರಲ್ಲಿ ಅವನ ಹೆಂಡತಿ ಸಿದ್ದವ್ವ ದೇವರ ಮುಂದೆ ದೀಪ ಹಚ್ಚಿರುತ್ತಿದ್ದಳು.

ಆ ಕಡೆ ಒಂದು ಪದ್ಧತಿಯುಂಟು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓ ಎನ್ನಬಾರದು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮೂರು ಸಲವಾದರೂ ಕರೆಯುತ್ತಾರೆ. ಮನುಷ್ಯರಲ್ಲದ್ದು ನಮ್ಮವರದೇ ದನಿ ತೆಗೆದು ಒಂದೇ ಸಲ ಕರೆಯುತ್ತದೆ, ಓ ಎಂದವರನ್ನು ಕರೆದುಕೊಂಡು ಹೋಗುತ್ತದೆ. ಶಂಭುಲಿಂಗನಿಗೆ ಇದನ್ನು ಅವನ ಅವ್ವ ಕಲಿಸಿದ್ದಳು, ಸಿದ್ದವ್ವನಿಗೆ ಅವಳ ಅವ್ವ. ಹಗಲೆಲ್ಲ ಕೋರ್ಟಿನಲ್ಲಿ ಮೂರು ಸಲ ಕೂಗುವವನಿಗೆ ಇದರಲ್ಲಿ ವಿಚಿತ್ರವೆಂಬುದೇನೂ ಕಂಡಿರಲಿಲ್ಲ.

ಆವತ್ತು ದೀಪ ಹಚ್ಚಿಯಾಗಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಹಿತ್ತಿಲ ಕಡೆಯಿಂದ ‘ಅವ್ವಾ’ ಎಂದು ಶಿವರಂಜನಿಯ ದನಿ ಕೇಳಿಸಿತು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಬಸ್ಸೇ ಬರದೆ ಮಗಳು ಬರುವುದು ಹೇಗೆ, ಬಂದರೂ ಮುಂದಿನ ಬಾಗಿಲು ಬಿಟ್ಟು ಹಿತ್ತಿಲಿಗೆ ಯಾಕೆ ಹೋಗುತ್ತಾಳೆ. ಇಬ್ಬರೂ ಉಸಿರು ಹಿಡಿದು ಎರಡನೆಯ ಕೂಗಿಗೆ ಕಾದರು. ಎರಡನೆಯ ಕೂಗು ಬರಲಿಲ್ಲ. ಸದ್ಯ ಪಾರಾದೆವು ಎಂದು ಸಿದ್ದವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ರೊಟ್ಟಿ ಬಡಿಯಲು ಕೂತಳು. ಬಸ್ಸು ಬಂದು ಹಾರ್ನು ಹಾಕಿ ಮುಂದೆ ಹೋಯಿತು, ಮಗಳು ಅದರಲ್ಲಿ ಇಳಿಯಲಿಲ್ಲ. ಶಂಭುಲಿಂಗ ಬ್ಯಾಟರಿ ಹಿಡಿದು ಹಿತ್ತಿಲಿಗೆ ಹೋದಾಗ ಹುಲ್ಲಿನ ಬಣವೆಯ ಪಕ್ಕ ಅವಳು ಬಿದ್ದಿದ್ದಳು. ಊರಿನವರ ಬೈಕು ಸಿಕ್ಕಿತ್ತಂತೆ, ಗದ್ದೆಯ ಕಡೆಯ ಹಾದಿಯಲ್ಲಿ ಇಳಿದು ಹಿತ್ತಿಲಿನಿಂದ ಬಂದಿದ್ದಳು. ಆ ದಿನವಷ್ಟೇ ಹೊಸ ಹುಲ್ಲು ಒಟ್ಟಿದ್ದರು, ಅದರ ಧೂಳಿಗೆ ದಮ್ಮು ಹತ್ತಿತ್ತು. ಒಂದು ಸಲ ಕರೆಯುವಷ್ಟೇ ಉಸಿರು ಅವಳಲ್ಲಿ ಉಳಿದಿತ್ತು.

ಬೈದು ಹೇಳುವವರೂ ಇರಲಿಲ್ಲ. ಆ ಊರಿನಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಬಂಧುಗಳು ಸಮಾಧಾನಕ್ಕೆ ಆಡಿದ ಮಾತೂ ಅದೇ ಆಗಿತ್ತು, ನಾವಾಗಿದ್ದರೂ ಓ ಅನ್ನುತ್ತಿರಲಿಲ್ಲ ಎಂದು. ಶಂಭುಲಿಂಗನಿಗೆ ಆ ಸಮಾಧಾನದಷ್ಟು ಹೊಟ್ಟೆಗೆ ಕಿಚ್ಚಿಟ್ಟ ಮಾತು ಇನ್ನೊಂದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವನು ಕೋರ್ಟಿಗೆ ಹೋಗಲು ಶುರುಮಾಡಿದ. ಹೆಸರು ಕೂಗಿದ ಮೇಲಿನ ನಿಶ್ಶಬ್ದ ಮೊದಲಿನ ಹಾಗೆ ಇರಲಿಲ್ಲ. ಸತ್ತ ಕಕ್ಷಿದಾರರ ಹೆಸರೂ ಎಷ್ಟೋ ಸಲ ಪಟ್ಟಿಯಲ್ಲಿ ಉಳಿದಿರುತ್ತದೆ, ಸತ್ತ ಸುದ್ದಿ ಕೋರ್ಟಿಗೆ ಬಂದು ಮುಟ್ಟುವವರೆಗೆ ಅವರನ್ನೂ ಕೂಗಬೇಕು. ಅಂಥ ಹೆಸರು ಬಂದ ದಿನ ಮೂರನೆಯ ಕೂಗು ಮುಗಿದದ್ದೇ ಅವನು ಕಿವಿಗೊಡದೆ ಒಳಗೆ ನಡೆದುಬಿಡುತ್ತಿದ್ದ. ಎಲ್ಲಾದರೂ ಓ ಎಂದುಬಿಟ್ಟರೆ ಎಂಬ ಭಯ.

ಮನೆಯದು ಅದಕ್ಕಿಂತ ದೊಡ್ಡ ಭಯ. ಮಗಳು ಹೋದ ಮೇಲಿನ ದಿನಗಳಿಂದ, ದೀಪ ಹಚ್ಚಿ, ಸಂಜೆಯ ಬಸ್ಸು ಬರುವ ಹೊತ್ತಾಗುತ್ತಿದ್ದಂತೆ ಹಿತ್ತಿಲಿನಿಂದ ‘ಅವ್ವಾ’ ಎಂಬ ದನಿ. ಒಂದೇ ಸಲ. ಕೊನೆಗೆ ಸಣ್ಣಗೆ ಸಿಳ್ಳೆ ಹಾಕುವ ಉಸಿರು. ಶಂಭುಲಿಂಗ ಕಂಬ ಹಿಡಿದು ಕೂರುತ್ತಿದ್ದ. ಅದರ ಬೆನ್ನಿಗೇ ಬಸ್ಸು ಹಾರ್ನು ಹಾಕುತ್ತಿತ್ತು, ಒಳಗಿನಿಂದ ಸಿದ್ದವ್ವ ‘ಓ, ಬಂದೆ’ ಎನ್ನುತ್ತಿದ್ದಳು. ಎದ್ದು ಹೋಗಿ ಹಿತ್ತಿಲ ಬಾಗಿಲು ತೆರೆದು, ಸ್ವಲ್ಪ ಹೊತ್ತು ನಿಂತು, ಮತ್ತೆ ಬಾಗಿಲು ಹಾಕಿಕೊಂಡು ಬರುತ್ತಿದ್ದಳು. ಈ ಬಗ್ಗೆ ಗಂಡಹೆಂಡಿರ ನಡುವೆ ಒಂದು ಮಾತೂ ಆಗಿರಲಿಲ್ಲ. ತನಗೆ ಕೇಳಿಸಿದ್ದು ಅವಳಿಗೂ ಕೇಳಿಸುತ್ತಿದೆ, ತಾನು ಹೆದರಿ ಬಾಯಿ ಮುಚ್ಚಿಕೊಂಡಿದ್ದೇನೆ, ಅವಳು ಹೆತ್ತ ಕರುಳು ತಡೆಯದೆ ಓ ಅನ್ನುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಅವಳು ದಿನದಿನಕ್ಕೂ ಸೊರಗುತ್ತಿದ್ದಳು. ಊಟ ಎನ್ನುವುದು ತಾಟಿನ ಮುಂದೆ ಕೂತು ಏಳುವುದಾಗಿತ್ತು.

ಸಿದ್ದವ್ವನ ಆ ಓ ನೆರೆಮನೆಯವರು ಕೇಳಿಸಿಕೊಳ್ಳದೆ ಬಿಟ್ಟಾರೆಯೇ. ಸುದ್ದಿ ಬನವಾಸಿಯಲ್ಲಿದ್ದ ಅವನ ಅಕ್ಕ ದಾಕ್ಷಾಯಿಣಿಗೆ ಮುಟ್ಟಿತು. ಅವಳು ಬಂದವಳೇ ತಮ್ಮನಿಗೆ ಚೆನ್ನಾಗಿ ಝಾಡಿಸಿದಳು. ಮಗಳಂತೂ ಹೋದಳು, ಹೆಂಡತಿಯನ್ನೂ ಕಳೆದುಕೊಂಡು ಒಬ್ಬನೇ ಗೋಡೆ ನೋಡುತ್ತ ಕೂರುತ್ತೀಯೇನು ಎಂದಳು. ಮಠದ ಅಯ್ಯನವರಿಂದ ಸೋಮವಾರ ಸಿದ್ದವ್ವನಿಗೆ ಮಂತ್ರಿಸಿದ ದಾರ ಕಟ್ಟಿಸುವುದು, ಹಿತ್ತಿಲ ಬಾಗಿಲಿಗೆ ಹಲಗೆ ಹೊಡೆಯುವುದು ಎಂದು ಅವಳೇ ಗೊತ್ತು ಮಾಡಿದಳು. ಆದರೆ ದಾರ ಕಟ್ಟಿಸಿಕೊಂಡವರು ಇನ್ನು ಓ ಎನ್ನುವುದಿಲ್ಲವೆಂದು ತಮ್ಮ ಬಾಯಿಂದಲೇ ಆಣೆ ಮಾಡಬೇಕು. ಸಿದ್ದವ್ವನನ್ನು ಒಪ್ಪಿಸುವ ಕೆಲಸ ಶಂಭುಲಿಂಗನ ಪಾಲಿಗೆ ಬಂತು.

ಭಾನುವಾರ ಇಳಿಹೊತ್ತಿನವರೆಗೂ ಅವನಿಗೆ ಬಾಯಿ ಬರಲಿಲ್ಲ. ಊರಿಗೆಲ್ಲ ಕೇಳುವಂತೆ ಕೂಗುವವನಿಗೆ ತನ್ನ ಹೆಂಡತಿಯನ್ನು ಮಾತಾಡಿಸುವುದು ಕಷ್ಟವಾಯಿತು. ಅವಳು ಹಿತ್ತಿಲ ಮೆಟ್ಟಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ.

“ಇನ್ನ ಮ್ಯಾಲೆ ಓ ಅನಬ್ಯಾಡ ಸಿದ್ದವ್ವ,” ಎಂದ. “ಅದು ಕರದ್ರ ಕರೀಲಿ.”

“ಯಾವ್ದು ಕರದ್ರ?”

“ದಿನಾ ಸಂಜಿಗೆ ಕರೀತದಲ್ಲ.”

ಸಿದ್ದವ್ವನ ಕೈ ಮೊರದಲ್ಲೇ ನಿಂತಿತು. “ನನಗ ಯಾರೂ ಕರಿಯೂದು ಕೇಳಂಗಿಲ್ರಿ,” ಎಂದಳು. “ಒಂದಿನಾನೂ ಕೇಳಿಲ್ಲ. ಅವತ್ತ ಆಕಿ ಕರದಾಗ ನಾ ಓ ಕೊಡಲಿಲ್ಲ. ಅದಕ್ಕ ಆ ಬಸ್ಸಿನ ಹೊತ್ತಿಗೆ ದಿನಾ ಕೊಡ್ತೀನಿ. ಎಲ್ಲೆರ ಇದ್ರ ಕೇಳಿಸ್ಕೊಳ್ಳಲಿ ಅಂತ.”

ಎರಡು ವರ್ಷ ಒಂದೇ ದನಿಗೆ ಇಬ್ಬರೂ ಕಿವಿಗೊಟ್ಟಿದ್ದೇವೆಂದು ಶಂಭುಲಿಂಗ ನಂಬಿದ್ದ. ಆ ದನಿ ಬರುತ್ತಿದ್ದದ್ದು ತನ್ನೊಬ್ಬನಿಗೆ. ಸಿದ್ದವ್ವ ಅವನನ್ನೇ ದಿಟ್ಟಿಸಿದಳು. ಕಟ್ಟಿಕೊಂಡ ಗಂಡನ ಮುಖ ಓದಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ನಿಮಗ ಕೇಳಸ್ತದೇನ್ರಿ?”

ಅವನು ಹೌದೆಂದು ತಲೆಯಾಡಿಸಿದ. ಹೆದರುತ್ತಾಳೆ, ಅಳುತ್ತಾಳೆ, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಜಗಳ ತೆಗೆಯುತ್ತಾಳೆ ಎಂದುಕೊಂಡ. ಅವಳು ಮೊರ ಬದಿಗಿಟ್ಟು ಹತ್ತಿರ ಸರಿದಳು. ಅವನ ತೋಳು ಹಿಡಿದುಕೊಂಡಳು. ಮದುವೆಯಾದ ಹೊಸದರಲ್ಲಿ ಕೂಡ ಅವಳು ಹಾಗೆ ಹಿಡಿದದ್ದಿಲ್ಲ.

“ದನಿ ಹೆಂಗದರಿ? ದಮ್ಮು ಹತ್ತಿದಂಗ ಅದನೋ, ಆರಾಮ ಅದನೋ?”

ಆ ಸಿಳ್ಳೆಯ ಉಸಿರು ಅವನ ಕಿವಿಯಲ್ಲೇ ಇತ್ತು. “ಆರಾಮ ಅದ,” ಎಂದ. ಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಗಾದರೆ ಇವತ್ತಿನಿಂದ ತಾನು ಬಸ್ಸಿನ ಹಾರ್ನು ನಂಬಿ ಕೂರುವುದಿಲ್ಲ, ಕೇಳಿಸಿದ ಕೂಡಲೇ ನೀವು ಹೇಳಿಬಿಡಿ, ತಡವಾಗದಂತೆ ಓ ಕೊಡುತ್ತೇನೆ ಎಂದಳು. ಅವನು ಒಳಗೆ ಹೋಗಿ ದಾಕ್ಷಾಯಿಣಿಗೆ ಫೋನು ಮಾಡಿ, ದಾರವೂ ಬೇಡ, ಹಲಗೆಯೂ ಬೇಡ ಎಂದ. ಅಕ್ಕ ಬಯ್ಯುತ್ತಿದ್ದದ್ದು ಪೂರ್ತಿ ಮುಗಿಯುವವರೆಗೂ ಕಾಯಲಿಲ್ಲ.

ಸಿದ್ದವ್ವ ದೀಪ ಹಚ್ಚಿ ಬಂದು ಹಿತ್ತಿಲ ಬಾಗಿಲು ತೆರೆದಿಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಬಣವೆ ಕಪ್ಪಾಗುತ್ತ ಬಂತು. ಎರಡು ವರ್ಷ ಬಾರದಿರಲಿ ಎಂದು ಬೇಡಿಕೊಂಡವನು ಇವತ್ತು ಬರಲಿ ಎಂದು ಬೇಡಿಕೊಂಡ. ದೂರದ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು, ಹತ್ತಿರವಾಯಿತು, ಹಾರ್ನು ಹಾಕಿ ಮುಂದೆ ಹೋಯಿತು. ಹಿತ್ತಿಲಿನಲ್ಲಿ ಏನೂ ಇಲ್ಲ. ವರಾಂಡದಲ್ಲಿ ನಿಂತು ಮೂರನೆಯ ಕೂಗಿನ ನಂತರ ಕೇಳಿಸುತ್ತಿದ್ದ ಆ ನಿಶ್ಶಬ್ದವೇ ಇಲ್ಲೂ ತುಂಬಿಕೊಂಡಿತು. ಹೋದಳು, ಈಗ ನಿಜವಾಗಿ ಹೋದಳು ಎಂದು ಅವನಿಗೆ ಅನಿಸಿತು.

ಸಿದ್ದವ್ವ ಅವನ ಮುಖವನ್ನೇ ನೋಡುತ್ತಿದ್ದಳು. “ಬಂತೇನ್ರಿ?” ಎಂದಳು.

“ಬಂತು,” ಎಂದ.

“ಓ,” ಎಂದಳು ಸಿದ್ದವ್ವ, ಬಣವೆಯ ಕಡೆ ತಿರುಗಿ. “ಬಂದೆ, ನನ್ನವ್ವ.”

ಆ ರಾತ್ರಿ ಅವಳು ಎರಡು ರೊಟ್ಟಿ ತಿಂದಳು. ಶಂಭುಲಿಂಗನಿಗೆ ಆಮೇಲೆ ಆ ದನಿ ಕೇಳಿಸಿಲ್ಲ. ಆದರೂ ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಒಂದಷ್ಟು ಹೊತ್ತು ಕಿವಿಗೊಡುತ್ತಾನೆ, ಸಿದ್ದವ್ವ ಕೇಳುವ ಮೊದಲೇ ‘ಬಂತು’ ಎನ್ನುತ್ತಾನೆ.