ಅಕ್ಕನ ಫೋನು ಮುಂದಿದೆ

ಹಳೇಬೀಡಿನ ಅಕ್ಕನಿಗೂ ನನಗೂ ಪುಸ್ತಕದ ಆ್ಯಪಿನಲ್ಲಿ ಒಂದೇ ಖಾತೆ, ಒಂದೇ ಕಾದಂಬರಿ. ನಾನು ಅರಸೀಕೆರೆ ರೈಲಿನಲ್ಲಿ ಓದುತ್ತಿದ್ದೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟವಾಗಬೇಕು. ಸಂಜೆ ಅಡುಗೆ ಮಾಡುತ್ತಾ ಅವಳು ಅದರ ಆಡಿಯೋ ಕೇಳುತ್ತಿದ್ದಳು. "ಇನ್ನೊಂದು ಫೋನು ಮುಂದಿದೆ, ಅಲ್ಲಿಗೆ ಹೋಗಬೇಕೇ?" ಎಂದು ನನ್ನ ಫೋನು ಕೇಳಿದಾಗಲೆಲ್ಲ, ಒಲೆ ಮುಂದೆ ನಿಂತೇ ನನ್ನನ್ನು ಹಿಂದೆ ಹಾಕುತ್ತಾಳಲ್ಲ ಎಂದು ಸಿಡುಕುತ್ತಿದ್ದೆ.

ಅಕ್ಕ ತೀರಿಕೊಂಡ ಮೇಲೂ ಸಂಜೆಯಾದರೆ ಅದೇ ಪ್ರಶ್ನೆ. ಅವಳ ಅಧ್ಯಾಯ ಮುಂದೆ ಸರಿಯುತ್ತಲೇ ಇತ್ತು. ಭಾವನಿಗೆ ಫೋನು ಮಾಡಿದೆ.

"ಅಡುಗೆ ಮಾಡೋವಾಗ ಅವಳ ಫೋನಲ್ಲಿ ನಾನೇ ಹಾಕ್ಕೊಳ್ಳೋದು ಕಣಮ್ಮ. ಒಂದು ಅಧ್ಯಾಯ ಮುಗಿಯೋ ಹೊತ್ಗೆ ಬೇಳೆ ಬೆಂದಿರುತ್ತೆ, ಅವಳು ಹಂಗೇ ಮಾಡ್ತಿದ್ಲು. ಬೇರೆ ಅಂದಾಜು ನಂಗೆ ಗೊತ್ತಿಲ್ಲ."

ಒಂದು ಸಂಜೆ ಪುಸ್ತಕ ಮುಗಿಯಿತು. ಇನ್ನು ಫೋನು ಏನೂ ಕೇಳುವುದಿಲ್ಲ ಎಂದುಕೊಂಡೆ. ಮರುದಿನ ಕೇಳಿತು: "ಇನ್ನೊಂದು ಫೋನು ಮೊದಲನೇ ಅಧ್ಯಾಯದಲ್ಲಿದೆ, ಅಲ್ಲಿಗೆ ಹೋಗಬೇಕೇ?"